ಹಾಡಿದವರ ಹೆಸರು ಎಲ್ಲಿ ಬರೆಯುವುದು?

ನಮ್ಮ ವಾಚನಾಲಯದ ಹಿಂದಿನ ಕೋಣೆಯಲ್ಲಿ ಎರಡು ಕಪಾಟು ತುಂಬ ಕ್ಯಾಸೆಟ್ ಉಂಟು. ಅಂಗಡಿಯಿಂದ ತಂದದ್ದು ಬಹಳ ಕಡಿಮೆ. ಹೆಚ್ಚಿನವು ಊರಿನ ಬಯಲಾಟ, ದೇವಸ್ಥಾನದ ತಾಳಮದ್ದಳೆ, ಯಾರದ್ದಾದರೂ ಮನೆಯ ಪೂಜೆಯ ರಾತ್ರಿಯ ಕೂಟ, ಇಂಥಲ್ಲಿ ಮೈಕಿನ ಪಕ್ಕ ಟೇಪ್‌ರೆಕಾರ್ಡರ್ ಇಟ್ಟು ಹಿಡಿದದ್ದು. ರಾತ್ರಿ ಒಂಬತ್ತಕ್ಕೆ ಸುರುವಾದ ಆಟ ಬೆಳಿಗ್ಗೆ ಆರಕ್ಕೆ ಮುಗಿಯುವುದಾದರೆ 90 ನಿಮಿಷದ ಕ್ಯಾಸೆಟ್ ಆರು ಬೇಕು. ಮಗುಚಿ ಹಾಕುವಷ್ಟರಲ್ಲಿ ಅರ್ಧ ಪದ ಹೋಯಿತು ಅಂತಲೇ ಲೆಕ್ಕ. ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಕಳೆದ ಬೇಸಗೆ ರಜೆಯಲ್ಲಿ ಹುಡುಗರು ಕುಳಿತು ಒಂದೊಂದನ್ನೇ ಕಂಪ್ಯೂಟರಿಗೆ ಏರಿಸಿದರು.

ಏರಿಸಿ ಆದ ಮೇಲೆ ಸಮಿತಿಯಲ್ಲಿ ಪ್ರಶ್ನೆ ಬಂತು: ಇಷ್ಟನ್ನು ಯಾವ ಸಾಫ್ಟ್‌ವೇರಿನಲ್ಲಿ ಜೋಡಿಸಿ ಇಡುವುದು? ಒಬ್ಬರು ಐಟ್ಯೂನ್ಸ್ ಅಂದರು, ಒಬ್ಬರು ಮ್ಯೂಸಿಕ್‌ಬೀ ಅಂದರು, ಖಜಾಂಚಿಯವರು “ಯಾವುದಾದರೂ ಒಂದು ಮಾಡಿ ಮಾರಾಯ್ರೆ, ದುಡ್ಡು ಕೇಳದ್ದು ಸಾಕು” ಅಂದರು. ಇದು ಯಂತ್ರದ ವಿಷಯ, ಗೊತ್ತಿದ್ದ ಹುಡುಗರೇ ತೀರ್ಮಾನ ಮಾಡಲಿ ಎಂಬುದು ಹೆಚ್ಚಿನವರ ಅಭಿಪ್ರಾಯ. ನನಗೆ ಹಾಗೆ ಕಾಣುವುದಿಲ್ಲ. ಹಾಡನ್ನು ಜೋಡಿಸಲು ಹೊರಟರೆ ಯಾರ ಹೆಸರಿನ ಕೆಳಗೆ ಜೋಡಿಸುವುದು ಎಂಬ ಮಾತು ಬರುತ್ತದೆ. ಆ ಮಾತು ಬಂದಲ್ಲಿ ನ್ಯಾಯ ಅನ್ಯಾಯದ ಮಾತೂ ಬರುತ್ತದೆ.

ಈ ಸಾಫ್ಟ್‌ವೇರ್ ಎಂದರೆ ಎಂತ ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ವಾಚನಾಲಯದಲ್ಲಿ ಪುಸ್ತಕಕ್ಕೆ ನಂಬ್ರ ಹಾಕಿ, ಗ್ರಂಥಕರ್ತರ ಹೆಸರು ಬರೆದು ರಿಜಿಸ್ಟರ್ ಇಡುತ್ತೇವಲ್ಲ, ಹಾಡಿಗೆ ಆ ಕೆಲಸ ಮಾಡುವುದು ಇದು. 1997ರಲ್ಲಿ ಬಂದ ವಿನ್‌ಆಂಪ್ ಮೊದಲಿಗೆ ಬರೇ ಹಾಡಿಸುವ ಯಂತ್ರವಾಗಿತ್ತು. 2001ರಲ್ಲಿ ಆಪಲ್ ಕಂಪೆನಿಯ ಐಟ್ಯೂನ್ಸ್ ಬಂದ ಮೇಲೆ ಹಾಡಿನ ಭಂಡಾರವನ್ನು ಹೀಗೆ ಪಟ್ಟಿ ಮಾಡಿ ಇಡುವುದು ಸಾಮಾನ್ಯ ಜನರಿಗೂ ಅಭ್ಯಾಸವಾಯಿತು. ವಿಂಡೋಸಿನಲ್ಲಿ ಫೂಬಾರ್, ಮ್ಯೂಸಿಕ್‌ಬೀ, ಲಿನಕ್ಸಿನಲ್ಲಿ ರಿದಂಬಾಕ್ಸ್, ಹೀಗೆ ಹಲವು ಉಂಟು. ಫೂಬಾರ್, ಮ್ಯೂಸಿಕ್‌ಬೀ, ರಿದಂಬಾಕ್ಸ್ ಮೂರಕ್ಕೂ ಕಾಸು ಕೊಡಬೇಕಾಗಿಲ್ಲ.

ಇವುಗಳಿಂದ ಆಗುವ ಉಪಕಾರ ಸಣ್ಣದಲ್ಲ. ಮೊದಲು ಒಂದು ಪದ ಬೇಕಾದರೆ ಕ್ಯಾಸೆಟ್ ಹಾಕಿ, ಓಡಿಸಿ, ನಿಲ್ಲಿಸಿ, ಪುನಃ ಓಡಿಸಿ ಸಾಕಾಗುತ್ತಿತ್ತು. ಈಗ “ಭೀಷ್ಮ” ಎಂದು ಟೈಪ್ ಮಾಡಿದರೆ ನಮ್ಮಲ್ಲಿರುವ ಭೀಷ್ಮ ವಿಜಯ, ಭೀಷ್ಮ ಪರ್ವ ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಭಾಗವತಿಕೆ ಕಲಿಯುವ ಒಬ್ಬ ಹುಡುಗ ನಮ್ಮಲ್ಲಿಗೆ ಬರುತ್ತಾನೆ. ಒಂದೇ ಪದವನ್ನು ಮೂವರು ಭಾಗವತರು ಹೇಗೆ ಎತ್ತುತ್ತಾರೆ, ಎಲ್ಲಿ ನಿಧಾನ ಮಾಡುತ್ತಾರೆ ಎಂದು ಒಂದು ಸಂಜೆ ಪೂರ್ತಿ ಕುಳಿತು ಕೇಳಿದ. ಅವನ ಗುರುಗಳಿಗೆ ಇದು ಅಷ್ಟು ಸರಿ ಕಾಣಲಿಲ್ಲ. “ಮೂರು ಜನರದ್ದು ಕೇಳಿದರೆ ಯಾರದ್ದೂ ಗಂಟಲಿಗೆ ಬರುವುದಿಲ್ಲ” ಅಂದರಂತೆ. ಅದು ಗುರುಗಳ ಮಾತು, ಅದರಲ್ಲಿಯೂ ಸತ್ಯ ಇದ್ದೀತು. ಆದರೆ ಕೇಳುವ ಅವಕಾಶವೇ ಇಲ್ಲದೆ ಹೋಗುವುದಕ್ಕಿಂತ ಇದು ವಾಸಿ ಎಂದು ನನ್ನ ಎಣಿಕೆ.

ಇನ್ನು ತೊಂದರೆಯ ಕಡೆಗೆ ಬರುತ್ತೇನೆ. ಎಂಪಿ3 ಫೈಲಿನ ಒಳಗೇ ಹಾಡಿನ ವಿವರ ಬರೆದಿಡುವ ಒಂದು ಕ್ರಮ 1996ರಲ್ಲಿ ಬಂತು. ಐಡಿ3 ಟ್ಯಾಗ್ ಎಂದು ಅದರ ಹೆಸರು. ಫೈಲಿನ ಬಾಲದಲ್ಲಿ 128 ಬೈಟ್ ಜಾಗ. ಹಾಡಿನ ಹೆಸರಿಗೆ 30, ಹಾಡಿದವರ ಹೆಸರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಹಾಡಿನ ಜಾತಿಗೆ 1, ಮೊದಲಲ್ಲಿ ಗುರುತಿಗೆ 3. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಇಂದಿನ ಯುನಿಕೋಡ್ ಲೆಕ್ಕದಲ್ಲಿ ಕನ್ನಡದ ಅಕ್ಷರಕ್ಕೆ 3, ಅದಕ್ಕೆ ಹಾಕಿದ ಗುಣಿತದ ಚಿಹ್ನೆಗೆ ಇನ್ನೂ 3. “ಬಲಿಪ ನಾರಾಯಣ” ಎಂದು ಬರೆದು ಲೆಕ್ಕ ಹಾಕಿ ನೋಡಿ, 31 ಆಗುತ್ತದೆ. ಭಾಗವತ ಎಂಬ ಮಾತು ಬರುವ ಮೊದಲೇ ಜಾಗ ಮುಗಿಯಿತು! ನಿಜ ಹೇಳುವುದಾದರೆ ಆ ಮೊದಲ ಕ್ರಮದಲ್ಲಿ ಕನ್ನಡ ಲಿಪಿ ಬರೆಯುವ ಏರ್ಪಾಡೇ ಇರಲಿಲ್ಲ. 1998ರ ಎರಡನೆಯ ಆವೃತ್ತಿಯಲ್ಲಿ ಜಾಗವೂ ಬೆಳೆಯಿತು, ನಮ್ಮ ಲಿಪಿಗೂ ದಾರಿಯಾಯಿತು. ಈಗ ಆ ಕಷ್ಟ ಇಲ್ಲ.

ಹಾಡಿನ ಜಾತಿಯ ಕತೆ ಇನ್ನೂ ತಮಾಷೆ. ಮೊದಲ ಪಟ್ಟಿಯಲ್ಲಿ 80 ಜಾತಿ. ಬ್ಲೂಸ್ ಉಂಟು, ಪೋಲ್ಕಾ ಎಂಬ ಯುರೋಪಿನ ಕುಣಿತದ ಹಾಡು ಉಂಟು, ಸಿನೆಮಾದ ಟ್ರೇಲರಿಗೂ ಒಂದು ನಂಬ್ರ ಉಂಟು. ಜನಪದಕ್ಕೆ ಇಲ್ಲ! ಅದನ್ನು ಆಮೇಲೆ ವಿನ್‌ಆಂಪಿನವರು ಸೇರಿಸಿದರು. ಯಕ್ಷಗಾನ ಎಲ್ಲಿಗೆ ಹೋಗಬೇಕು? “ಇತರೆ” ಎಂಬ ಮೂಲೆಗೆ. ಇದರಿಂದ ನನಗೆ ಸಿಟ್ಟೇನೂ ಬರುವುದಿಲ್ಲ. ದೂರದೂರಿನ ಯಾರೋ ತಮಗೆ ಗೊತ್ತಿದ್ದ ಹಾಡಿಗೆ ಪಟ್ಟಿ ಮಾಡಿಕೊಂಡರು, ಅವರಿಗೆ ಕುಂಬಳೆ ಎಲ್ಲಿ ಗೊತ್ತು? ಈಗಿನ ಸಾಫ್ಟ್‌ವೇರಿನಲ್ಲಿ ಜಾತಿಯನ್ನು ನಾವೇ ಟೈಪ್ ಮಾಡಬಹುದು. ಯಕ್ಷಗಾನ, ತೆಂಕುತಿಟ್ಟು ಎಂದು ಬರೆದರೆ ಮುಗಿಯಿತು.

ಅಷ್ಟು ಸುಲಭದಲ್ಲಿ ಮುಗಿಯದ್ದು “ಆರ್ಟಿಸ್ಟ್” ಎಂಬ ಕಳ. ಕಲಾವಿದ ಒಬ್ಬ ಎಂದು ಅದರ ಗ್ರಹಿಕೆ. ಪೇಟೆಯ ಹಾಡಿಗೆ ಇದು ಹೇಗಾದರೂ ಹೊಂದುತ್ತದೆ. ನಮ್ಮ ಹಿಮ್ಮೇಳದಲ್ಲಿ ಭಾಗವತರು, ಚೆಂಡೆಯವರು, ಮದ್ದಳೆಯವರು, ಚಕ್ರತಾಳದವರು. ತಾಳಮದ್ದಳೆಯಾದರೆ ಅರ್ಥಧಾರಿಗಳು ಬೇರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಇರುವ ಒಂದು ಕ್ಯಾಸೆಟ್ ಎಂದು ಇಟ್ಟುಕೊಳ್ಳಿ. ಆ ಕಳದಲ್ಲಿ ಶೇಣಿಯವರ ಹೆಸರು ಹಾಕಿದರೆ ಪದ ಹೇಳಿದ ಭಾಗವತರು ಪಟ್ಟಿಯಿಂದ ಮಾಯ. ಭಾಗವತರ ಹೆಸರು ಹಾಕಿದರೆ ಶೇಣಿಯವರನ್ನು ಹುಡುಕುವವನಿಗೆ ಅವರು ಸಿಗುವುದಿಲ್ಲ. ಎದುರು ಅರ್ಥ ಹೇಳಿದವರ ಗತಿ ಎಂತ? ಇಬ್ಬರು ವಾದ ಮಾಡಿದರೆ ಮಾತ್ರ ತಾಳಮದ್ದಳೆ. ಒಬ್ಬರ ಹೆಸರಿನಲ್ಲಿ ಇಟ್ಟರೆ ಅದು ಭಾಷಣ ಆಗುತ್ತದೆ.

ಕಳೆದ ವರ್ಷ ಒಂದು ದಿನ ಮಧ್ಯಾಹ್ನ ಒಬ್ಬರು ಅಕ್ಕ ವಾಚನಾಲಯಕ್ಕೆ ಬಂದರು. ಅವರ ಅಪ್ಪ ಹಗಲು ತೋಟದ ಕೆಲಸ, ರಾತ್ರಿ ಮದ್ದಳೆ ಎಂದು ಬಹಳ ವರ್ಷ ಊರಿನ ಆಟಗಳಲ್ಲಿ ಬಾರಿಸಿದವರು. ತೀರಿಕೊಂಡು ಕಾಲವಾಯಿತು. ಮನೆಯಲ್ಲಿ ಒಂದು ಸರಿಯಾದ ಫೋಟೋ ಕೂಡ ಇಲ್ಲವಂತೆ. “ಅಪ್ಪನ ಮದ್ದಳೆ ಎಲ್ಲಿಯಾದರೂ ಇದ್ದರೆ ಮಕ್ಕಳಿಗೊಮ್ಮೆ ಕೇಳಿಸಬಹುದಿತ್ತು” ಅಂದರು. ನಾವು ರಿಜಿಸ್ಟರ್ ತೆಗೆದೆವು, ಕ್ಯಾಸೆಟ್ಟಿನ ಚೀಟಿಗಳನ್ನು ನೋಡಿದೆವು. ಪ್ರಸಂಗದ ಹೆಸರು ಉಂಟು, ಭಾಗವತರ ಹೆಸರು ಉಂಟು, ಕೆಲವದರಲ್ಲಿ ಆಟ ಆಡಿಸಿದ ಮನೆಯವರ ಹೆಸರು ಕೂಡ ಉಂಟು. ಮದ್ದಳೆಯವರದ್ದು ಒಂದರಲ್ಲಿಯೂ ಇಲ್ಲ. ಕಡೆಗೆ ಅಲ್ಲಿ ಪೇಪರ್ ಓದುತ್ತಾ ಕುಳಿತಿದ್ದ ಒಬ್ಬರು ಅಜ್ಜ, ನಾಲ್ಕೈದು ಕ್ಯಾಸೆಟ್ ಹಾಕಿಸಿ ಕೇಳಿ, ಒಂದರಲ್ಲಿ “ಇದು ಅವನೇ, ಮುಕ್ತಾಯ ಹೀಗೆ ಮಾಡುವವ ಅವನೊಬ್ಬನೇ” ಎಂದು ಗುರುತಿಸಿದರು. ಆ ಅಕ್ಕ ಕಣ್ಣು ಮುಚ್ಚಿ ಕೇಳಿದರು. ಕೇಳಿ ಆದ ಮೇಲೆ ಚೀಟಿಯನ್ನು ತಿರುಗಿಸಿ ನೋಡಿ, “ಇದರಲ್ಲಿ ಅಪ್ಪನ ಹೆಸರು ಎಲ್ಲಿ ಬರೆದುಂಟು?” ಎಂದು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ.

ಇಲ್ಲಿ ಸಾಫ್ಟ್‌ವೇರನ್ನು ಬೈದು ಪ್ರಯೋಜನ ಇಲ್ಲ. ಚೀಟಿ ಬರೆದವರು ನಮ್ಮ ಊರಿನವರೇ, ಬಾಲ್‌ಪೆನ್ನಿನಲ್ಲಿ. ಆದರೆ ಒಂದು ವ್ಯತ್ಯಾಸ ಉಂಟು. ಚೀಟಿಯ ಮೇಲೆ ಬರೆಯಬೇಕು ಅಂತ ಕಂಡರೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಹೆಸರು ಬರೆಯಲಿಕ್ಕೆ ಆಗುತ್ತಿತ್ತು, ಬರೆಯದ್ದು ನಮ್ಮ ಉದಾಸೀನ. ಕಂಪ್ಯೂಟರಿನ ಕಳ ಮಾತ್ರ ಯಾರು ಮುಖ್ಯ, ಯಾರು ಅಲ್ಲ ಎಂದು ನಾವು ಯೋಚಿಸುವ ಮೊದಲೇ ತೀರ್ಮಾನ ಮಾಡಿ ಕುಳಿತಿರುತ್ತದೆ. ಖಾಲಿ ಇದ್ದದ್ದು ಒಂದೇ ಮನೆ, ಅದರಲ್ಲಿ ಭಾಗವತರು ಕುಳಿತಾಯಿತು, ಬಾಕಿಯವರು ಅಂಗಳದಲ್ಲಿ. ಅನ್ಯಾಯ ಮಾಡುತ್ತಿದ್ದೇವೆ ಎಂದು ಯಾರಿಗೂ ಅನಿಸುವುದೂ ಇಲ್ಲ.

ವಿಚಿತ್ರ ಎಂದರೆ ಐಡಿ3ಯ ಈಚಿನ ಆವೃತ್ತಿಯಲ್ಲಿ ಯಾರು ಯಾವ ವಾದ್ಯ ಬಾರಿಸಿದರು ಎಂದು ಪಟ್ಟಿ ಬರೆಯಲು ಬೇರೆಯೇ ಜಾಗ ಇಟ್ಟಿದ್ದಾರೆ. ಬೇಕಾದ ಹೆಸರಿನ ಹೊಸ ಕಳ ಮಾಡಿಕೊಳ್ಳಲಿಕ್ಕೂ ಆಗುತ್ತದೆ. ಹೆಚ್ಚು ಜನ ಬಳಸುವ ಸಾಫ್ಟ್‌ವೇರುಗಳ ಮುಖಪುಟದಲ್ಲಿ ಅದು ಕಾಣಿಸುವುದಿಲ್ಲ, ಅಷ್ಟೆ. ಫೂಬಾರಿನಲ್ಲಿ, ಮ್ಯೂಸಿಕ್‌ಬೀಯಲ್ಲಿ ಸ್ವಲ್ಪ ಕೈ ಹಾಕಿದರೆ “ಮದ್ದಳೆ” ಎಂದೇ ಒಂದು ಕಳ ಮಾಡಿ ಪರದೆಗೆ ತರಬಹುದು. ಐಟ್ಯೂನ್ಸಿನಲ್ಲಿ ಹಾಗೆ ಬೇಕಾದ್ದನ್ನು ಮಾಡಿಕೊಳ್ಳಲು ಬಿಡುವುದಿಲ್ಲ, ಅವರು ಕೊಟ್ಟ ಕಳದಲ್ಲಿಯೇ ತುಂಬಿಸಬೇಕು. ಚಂದ, ಸುಲಭ ಎಂದು ಜನ ಹೊಗಳುವುದು ಅದನ್ನೇ.

ಹೆಸರು ಬರೆದರೂ ತೊಡಕು ತಪ್ಪಿದ್ದಲ್ಲ. ಬಲಿಪ ನಾರಾಯಣ ಭಾಗವತ ಎಂಬ ಹೆಸರಿನವರು ಇಬ್ಬರು, ಅಜ್ಜ ಮತ್ತು ಮೊಮ್ಮಗ. ಮೊಮ್ಮಗ 2023ರಲ್ಲಿ ತೀರಿಕೊಂಡರು. ಹಿರಿಯ ಬಲಿಪರು, ಕಿರಿಯ ಬಲಿಪರು ಎಂದು ನಮಗೆ ಗೊತ್ತು. ಯಂತ್ರಕ್ಕೆ ಅಕ್ಷರ ಒಂದೇ ಆದರೆ ಆಳೂ ಒಂದೇ. ಇದರ ತಿರುಗುಮುರುಗು ಕೂಡ ಉಂಟು: ಒಬ್ಬರೇ ಭಾಗವತರ ಹೆಸರನ್ನು ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಎಚ್ ಸೇರಿಸಿ ಬರೆದ, ಇನ್ನೊಬ್ಬ ಎಚ್ ಇಲ್ಲದೆ ಬರೆದ, ಮೂರನೆಯವ ಕನ್ನಡದಲ್ಲಿ ಬರೆದ. ಪಟ್ಟಿಯಲ್ಲಿ ಮೂವರು ಭಾಗವತರಾದರು. ಇಂಗ್ಲಿಷ್ ಹೆಸರಿನ ಮುಂದೆ “ದ” ಎಂದು ಇದ್ದರೆ ಐಟ್ಯೂನ್ಸ್ ಅದನ್ನು ಬಿಟ್ಟು ಅಕಾರಾದಿ ಮಾಡುತ್ತದೆ. ನಮ್ಮ “ಶ್ರೀ”ಗೆ ಆ ರಿಯಾಯಿತಿ ಇಲ್ಲ. ಶ್ರೀ ದೇವಿ ಮಹಾತ್ಮೆ, ಶ್ರೀ ಕೃಷ್ಣ ಪಾರಿಜಾತ, ಎಲ್ಲವೂ “ಶ್ರೀ”ಯ ಕೆಳಗೆ ಜಾತ್ರೆಯಂತೆ ನಿಂತಿರುತ್ತವೆ.

ಪದ ರಚಿಸಿದವರು ಯಾರು ಎಂಬ ಕಳವೂ ಒಂದು ಉಂಟು. ರಾಮಾಯಣದ ಪ್ರಸಂಗಗಳಿಗೆ ನಮ್ಮ ಕುಂಬಳೆಯ ಪಾರ್ತಿಸುಬ್ಬನ ಹೆಸರು ಬರೆಯಲು ಈ ಊರಿನ ಯಾರ ಕೈಯೂ ತಡೆಯುವುದಿಲ್ಲ. ಆದರೆ ಆ ಪ್ರಸಂಗಗಳು ಸುಬ್ಬನವಲ್ಲ ಎಂದು ಶಿವರಾಮ ಕಾರಂತರು ವಾದ ಮಾಡಿದ್ದರು. ಅವನದ್ದೇ ಎಂದು ಮುಳಿಯ ತಿಮ್ಮಪ್ಪಯ್ಯನವರು, ಕುಕ್ಕಿಲ ಕೃಷ್ಣ ಭಟ್ಟರು ಬರೆದರು. ವಿದ್ವಾಂಸರು ಪುಸ್ತಕಗಟ್ಟಲೆ ಚರ್ಚೆ ಮಾಡಿದ್ದನ್ನು ಎರಡು ಇಂಚಿನ ಕಳದಲ್ಲಿ ತೀರಿಸಿಬಿಡಲಿಕ್ಕೆ ಆಗುತ್ತದೆಯೇ? ಕಳದಲ್ಲಿ ಬರೆದದ್ದನ್ನು ಮಕ್ಕಳು ಸಿದ್ಧವಾದ ಸತ್ಯ ಎಂದು ಓದುತ್ತಾರೆ. ನಾನು ಶಾಲೆಯಲ್ಲಿ ಕಲಿಸಿದವನಾದ್ದರಿಂದ ಈ ಒಂದು ಭಯ ನನಗೆ ಹೆಚ್ಚು.

ಇನ್ನು ನಕ್ಷತ್ರದ ವಿಷಯ. ಹಾಡಿಗೆ ಒಂದರಿಂದ ಐದು ನಕ್ಷತ್ರ ಕೊಡುವ ಪದ್ಧತಿ ಈ ಸಾಫ್ಟ್‌ವೇರುಗಳಲ್ಲಿ ಉಂಟು. ಮನೆಯಲ್ಲಿ ಒಬ್ಬನೇ ಕುಳಿತು ಸಿನೆಮಾ ಹಾಡಿಗೆ ಕೊಟ್ಟರೆ ಅವನ ಖುಷಿ. ಊರಿನ ಭಂಡಾರದಲ್ಲಿ, ರಾತ್ರಿ ಇಡೀ ಗಂಟಲು ಹರಿದು ಪದ ಹೇಳಿದ ಹಿರಿಯರಿಗೆ ಮೂರು ನಕ್ಷತ್ರ ಎಂದು ಯಾರೋ ಒತ್ತಿಡುವುದು ನನಗೆ ಸಹಿಸುವುದಿಲ್ಲ. ಹಳೆಯ ಕಾಲದ ಮನಸ್ಸು ಎನ್ನಿ, ಅಡ್ಡಿಯಿಲ್ಲ. ಎಷ್ಟು ಸಲ ಕೇಳಿದರು ಎಂದು ಲೆಕ್ಕ ಇಡುವುದೂ ಹೀಗೆಯೇ. ಹೆಚ್ಚು ಕೇಳಿದ್ದು ಮೇಲೆ ಬರುತ್ತದೆ, ಮೇಲೆ ಬಂದದ್ದನ್ನೇ ಪುನಃ ಕೇಳುತ್ತಾರೆ. ಕಲಸಿ ಹಾಡಿಸುವ ಗುಂಡಿಯನ್ನು ಯಾರಾದರೂ ಒತ್ತಿದರೆ ಭೀಷ್ಮ ಶರಶಯ್ಯೆಯಲ್ಲಿ ಮಲಗಿದ ಮೇಲೆ ದೇವವ್ರತ ಪ್ರತಿಜ್ಞೆ ಮಾಡುತ್ತಾನೆ.

ದೊಡ್ಡ ಕಂಪೆನಿಗಳ ಮೇಲೆ ಭರವಸೆ ಇಡುವುದರ ಬಗ್ಗೆಯೂ ಒಂದು ಮಾತು ಹೇಳಬೇಕು. ಆಪಲ್‌ನವರು 2003ರಲ್ಲಿ ಹಾಡು ಮಾರಲು ಸುರು ಮಾಡಿದಾಗ ಪ್ರತಿ ಹಾಡಿಗೂ ಬೀಗ ಇತ್ತು. ಕಾಸು ಕೊಟ್ಟವನೂ ಅವರು ಹೇಳಿದ ಯಂತ್ರದಲ್ಲಿ ಮಾತ್ರ ಕೇಳಬೇಕು. ಆ ಬೀಗ ಪೂರ್ತಿ ಹೋದದ್ದು 2009ರಲ್ಲಿ. ಯಾಹೂವಿನ ಹಾಡಿನ ಅಂಗಡಿ 2008ರಲ್ಲಿ ಮುಚ್ಚಿತು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ನಿಂತಿತು. ಐಟ್ಯೂನ್ಸನ್ನೇ 2019ರಲ್ಲಿ ಮ್ಯಾಕ್ ಕಂಪ್ಯೂಟರುಗಳಲ್ಲಿ ಮೂರು ತುಂಡು ಮಾಡಿದರು. ನಮ್ಮ ಆ ಅಜ್ಜನ ಕಿವಿಯ ನೆನಪು ಇವೆಲ್ಲಕ್ಕಿಂತ ಹೆಚ್ಚು ಬಾಳಿದೆ. ಫೈಲಿನ ಒಳಗೆ ಟ್ಯಾಗಿನಲ್ಲಿ ಬರೆದದ್ದು ಫೈಲ್ ಹೋದಲ್ಲಿಗೆ ಹೋಗುತ್ತದೆ. ನಕ್ಷತ್ರ, ಕೇಳಿದ ಲೆಕ್ಕ, ಜೋಡಿಸಿದ ಪಟ್ಟಿ ಇವೆಲ್ಲ ಹೆಚ್ಚಾಗಿ ಸಾಫ್ಟ್‌ವೇರಿನ ಸ್ವಂತ ಕಡತದಲ್ಲಿ ಇರುತ್ತವೆ. ಆ ಸಾಫ್ಟ್‌ವೇರ್ ಬಿಟ್ಟರೆ ಅವೂ ಹೋದವು. ನಮ್ಮ ಶಾಲೆಗಳ ತೊಂದರೆ ಬೇರೆ. ಕೇರಳದಲ್ಲಿ ಕೈಟ್‌ನವರು ಶಾಲೆಗೆ ಕೊಡುವ ಕಂಪ್ಯೂಟರಿನಲ್ಲಿ ಲಿನಕ್ಸ್. ಮ್ಯೂಸಿಕ್‌ಬೀ ವಿಂಡೋಸಿಗೆ ಮಾಡಿದ್ದು, ಐಟ್ಯೂನ್ಸ್ ಲಿನಕ್ಸಿಗೆ ಇಲ್ಲ. ಅವುಗಳಲ್ಲಿ ಜೋಡಿಸಿಟ್ಟರೆ ಮಕ್ಕಳಿಗೆ ಆ ಪಟ್ಟಿ ತೆರೆಯಲಿಕ್ಕಿಲ್ಲ.

ನನ್ನ ಈ ಹೆಸರಿನ ಹಟವನ್ನು ಒಪ್ಪದವರು ನಮ್ಮಲ್ಲಿದ್ದಾರೆ. ಹಿರಿಯರೊಬ್ಬರು ಹೇಳಿದರು: “ಆಟ ಎಂದರೆ ಸೇವೆ. ಸೇವೆ ಮಾಡಿದವ ಹೆಸರು ಕೇಳುವುದುಂಟಾ? ಬಾರಿಸಿದ, ದೇವರು ಕೇಳಿದ, ಮುಗಿಯಿತು. ಈ ಹೆಸರಿನ ಹುಚ್ಚು ಪೇಟೆಯಿಂದ ಬಂದದ್ದು.” ಈ ಮಾತನ್ನು ನಾನು ಸುಲಭದಲ್ಲಿ ತಳ್ಳಿಹಾಕಲಾರೆ. ಹೆಸರಿಗಾಗಿ ಜಗಳ ಮಾಡಿ ಮೇಳ ಒಡೆದದ್ದನ್ನು ಕಂಡವರು ನಾವು. ಆದರೂ ಒಂದು ವಿಷಯ ನೋಡಿ. ನಮ್ಮ ಹಳೆಯ ಓಲೆಗರಿ ಗ್ರಂಥಗಳ ಕೊನೆಯಲ್ಲಿ ಪ್ರತಿ ಮಾಡಿದವ ತನ್ನ ಹೆಸರು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಬೇಡಿಕೊಳ್ಳುವುದುಂಟು. ಅವನು ಕವಿ ಅಲ್ಲ, ಬರೇ ನಕಲು ಮಾಡಿದವ. ಅವನಿಗೆ ಕೊನೆಯ ಗರಿಯಲ್ಲಿ ಜಾಗ ಇತ್ತು, ಅದು ಪೇಟೆಯ ಹುಚ್ಚು ಎಂದು ಯಾರೂ ಹೇಳಲಿಲ್ಲ. ತನ್ನ ಹೆಸರು ಬೇಡ ಎಂದು ಬಿಡುವ ಹಕ್ಕು ಬಾರಿಸಿದವರಿಗೆ ಉಂಟು. ಬಾರಿಸಿದವರ ಪರವಾಗಿ ನಾವು ಬಿಡುವುದು, ಅದೂ ಕಳದಲ್ಲಿ ಜಾಗ ಇಲ್ಲ ಎಂಬ ಕಾರಣಕ್ಕೆ, ಅದು ವೈರಾಗ್ಯ ಹೇಗಾದೀತು? ಮತ್ತೆ, ಭಾಗವತರ ಹೆಸರು ಬೇಡ ಎಂದು ಇವರು ಯಾರೂ ಹೇಳಿದ್ದು ನಾನು ಕೇಳಲಿಲ್ಲ. ಸೇವೆಯ ಮಾತು ಬರುವುದು ಮದ್ದಳೆ, ಚೆಂಡೆ, ಚಕ್ರತಾಳದ ಸರದಿ ಬಂದಾಗ ಮಾತ್ರ.

ಇದೇ ಮಾತಿನ ಇನ್ನೊಂದು ಮುಖ: ಇವನ್ನು ಇಂಟರ್‌ನೆಟ್ಟಿಗೆ ಏರಿಸಬೇಕು ಎಂದು ಹುಡುಗರಿಗೆ ಆಸೆ. ಹೆಸರನ್ನೇ ಬರೆಯದವರ ಸ್ವರವನ್ನು, ವಾದ್ಯವನ್ನು ಲೋಕಕ್ಕೆಲ್ಲ ಹಂಚುವ ಮೊದಲು ಅವರ ಮನೆಯವರಲ್ಲಿ ಒಂದು ಮಾತು ಕೇಳಬೇಡವೇ? ಯಾರ ಮನೆ ಎಂದು ತಿಳಿಯಬೇಕಾದರೂ ಮೊದಲು ಹೆಸರು ಬೇಕು. ಆದ್ದರಿಂದ ಸದ್ಯಕ್ಕೆ ಅದು ಬೇಡ ಎಂದು ಸಮಿತಿಯಲ್ಲಿ ಹೇಳಿದ್ದೇನೆ. ಹುಡುಗರ ಮುಖ ಸಪ್ಪೆಯಾಯಿತು.

ಕಡೆಗೆ ನಾವು ಮಾಡಿದ್ದು ಹೀಗೆ. ಒಂದು ಆಟಕ್ಕೆ ಒಂದು ಫೋಲ್ಡರ್. ಅದರ ಹೆಸರಿನಲ್ಲಿ ಪ್ರಸಂಗ, ಊರು, ವರ್ಷ. ಒಳಗೆ ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವ ಒಂದು ಸಾದಾ ಕನ್ನಡ ಟಿಪ್ಪಣಿ. ಅದರಲ್ಲಿ ಹಿಮ್ಮೇಳ, ಮುಮ್ಮೇಳ, ರೆಕಾರ್ಡ್ ಮಾಡಿದವರು, ಗೊತ್ತಿದ್ದಷ್ಟು ಎಲ್ಲರೂ. ಟ್ಯಾಗಿನಲ್ಲಿಯೂ ಅದೇ ವಿವರ. ಆರ್ಟಿಸ್ಟ್ ಎಂಬ ಕಳದಲ್ಲಿ ಭಾಗವತರ ಹೆಸರಿನ ಜೊತೆ ಚೆಂಡೆ, ಮದ್ದಳೆಯವರ ಹೆಸರೂ ಸಾಲಾಗಿ ಇರುತ್ತದೆ. ಪರದೆಯಲ್ಲಿ ನೋಡಲು ಚಂದ ಇಲ್ಲ, ಅರ್ಧಕ್ಕೆ ಕಡಿದು ಮೂರು ಚುಕ್ಕಿ ಬರುತ್ತದೆ. ಇರಲಿ. ಹುಡುಕಿದರೆ ಸಿಗುತ್ತಾರೆ. ಹುಡುಕುವ ಕೆಲಸಕ್ಕೆ ಶಾಲೆಯಲ್ಲಿ ರಿದಂಬಾಕ್ಸ್, ವಾಚನಾಲಯದ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಫೂಬಾರ್. ಪಾರ್ತಿಸುಬ್ಬನ ಕಳದಲ್ಲಿ ಅವನ ಹೆಸರು ಬರೆದು, ಚರ್ಚೆಯ ಸಂಗತಿಯನ್ನು ಟಿಪ್ಪಣಿಯಲ್ಲಿ ನಾಲ್ಕು ಸಾಲು ಸೇರಿಸಿದ್ದೇವೆ. ನಕ್ಷತ್ರ ಯಾರೂ ಒತ್ತಬಾರದು ಎಂದು ಗೋಡೆಯಲ್ಲಿ ಚೀಟಿ ಅಂಟಿಸಿದ್ದೇನೆ. ಇದೆಲ್ಲದರ ಒಂದು ಪ್ರತಿ ಶಾಯಿಯಲ್ಲಿ, ಉದ್ದದ ನೋಟುಪುಸ್ತಕದಲ್ಲಿ.

ಹೆಸರು ತಿಳಿಯದ ಕ್ಯಾಸೆಟ್ ಇನ್ನೂ ನಲ್ವತ್ತರ ಮೇಲೆ ಉಂಟು. ಅದಕ್ಕಾಗಿ ಭಾನುವಾರ ಸಂಜೆ ಐದು ಗಂಟೆಗೆ ವಾಚನಾಲಯದಲ್ಲಿ ಅವನ್ನು ಹಾಕುತ್ತೇವೆ, ಹಳಬರು ಬಂದು ಕುಳಿತು ಕೇಳುತ್ತಾರೆ. ಆ ಅಕ್ಕನೂ ಎರಡು ಸಲ ಬಂದಿದ್ದರು. ಕಳೆದ ವಾರ ಒಂದು ಚೆಂಡೆಯ ಪೆಟ್ಟು ಕೇಳಿ ಇಬ್ಬರು ಅಜ್ಜಂದಿರು ಎರಡು ಹೆಸರು ಹೇಳಿದರು, ಇಬ್ಬರೂ ಬಿಟ್ಟುಕೊಡಲಿಲ್ಲ. ನೋಟುಪುಸ್ತಕದಲ್ಲಿ ಎರಡನ್ನೂ ಬರೆದು ಮುಂದೆ ಪ್ರಶ್ನೆಯ ಚಿಹ್ನೆ ಹಾಕಿದ್ದೇವೆ. ಕಿವಿ ನೆಟ್ಟಗೆ ಇರುವವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ. ಚಹಾ ಉಂಟು.